ದಯೆಯೂ ದಾಯವೂ

೧

ಪಟ್ಟಣದ ನಾಲ್ಕು ಬೀದಿಗಳು ಕೂಡುವ ಕಡೆ ಕೆಂಪು ದೀಪಕ್ಕೆ ವಾಹನಗಳು ನಿಂತಿರುತ್ತವೆ. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಕಂಕುಳಲ್ಲಿ ತಮ್ಮನನ್ನೆತ್ತಿಕೊಂಡು ಬಂದು ಕಾರಿನ ಗಾಜನ್ನು ತಟ್ಟುತ್ತಾಳೆ. ಒಳಗಿರುವ ಗೃಹಸ್ಥನು ಸಜ್ಜನ, ವಿದ್ಯಾವಂತ. ಕಾಸು ಕೊಟ್ಟರೆ ಮಕ್ಕಳ ಭಿಕ್ಷಾಟನೆಯನ್ನು ತಾನೇ ಬೆಳೆಸಿದಂತಾಗುವುದೆಂದು ಅವನ ಬುದ್ಧಿ ಹೇಳುತ್ತದೆ. ಕೊಡದೆ ಹೋದರೆ ಹಸಿದ ಮಗುವಿಗೆ ಮುಖ ತಿರುಗಿಸಿದ ಪಾಪ ಬರುವುದೆಂದು ಹೃದಯ ಹೇಳುತ್ತದೆ. ಈ ವ್ಯಾಜ್ಯ ತೀರುವುದಕ್ಕೆ ಮುಂಚೆಯೇ ಹಸಿರು ದೀಪ ಹೊತ್ತಿಕೊಳ್ಳುತ್ತದೆ. ಗಾಡಿ ಸಾಗುತ್ತದೆ. ಹುಡುಗಿ ರಸ್ತೆಯ ಅಂಚಿನಲ್ಲಿ ಕುಳಿತು ಮುಂದಿನ ಕೆಂಪು ದೀಪಕ್ಕಾಗಿ ಕಾಯುತ್ತಾಳೆ.

ಕೊಡಬೇಕೆನ್ನುವ ಪಕ್ಷಕ್ಕೂ ಕೊಡಬಾರದೆನ್ನುವ ಪಕ್ಷಕ್ಕೂ ಎಷ್ಟೇ ವಿರೋಧವಿದ್ದರೂ ಒಂದು ವಿಷಯದಲ್ಲಿ ಅವೆರಡೂ ಒಂದೇ. ಎರಡು ಪಕ್ಷದವರ ಕಣ್ಣಿಗೂ ಆ ಮಗು ಒಡ್ಡಿದ ಒಂದು ಕೈ. ಅದರ ಮೇಲೆ ಏನನ್ನಾದರೂ ಇಡಬೇಕೆ ಬೇಡವೆ ಎಂಬುದಷ್ಟೇ ಚರ್ಚೆ. ಆ ಕೈಯ ಹಿಂದೆ ಒಂದು ಬುದ್ಧಿಯುಂಟು, ನೆನಪುಂಟು, ಇಷ್ಟಾನಿಷ್ಟಗಳುಂಟು, ತಮ್ಮನನ್ನು ಹೊತ್ತು ನಿಂತ ಹೊಣೆಗಾರಿಕೆಯುಂಟು ಎಂಬುದು ಯಾರ ಲೆಕ್ಕಕ್ಕೂ ಬಂದಂತಿಲ್ಲ. ಆದುದರಿಂದ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕಾಗುತ್ತದೆ. ಕೊಡಬೇಕೆ ಬೇಡವೆ ಎಂಬುದಲ್ಲ. ಏನನ್ನು ಕೊಡಬೇಕು, ಯಾವ ಸಂಬಂಧದಿಂದ ಕೊಡಬೇಕು ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಸಂಸ್ಕೃತದಿಂದ ಬಂದು ಕನ್ನಡದಲ್ಲಿ ನೆಲೆಸಿದ ಎರಡು ಶಬ್ದಗಳು ಇಲ್ಲಿ ಸಹಾಯಕ್ಕೆ ಬರುತ್ತವೆ: ದಯೆ ಮತ್ತು ದಾಯ. ಕಿವಿಗೆ ಇವು ಅಕ್ಕತಂಗಿಯರಂತೆ ಕೇಳಿಸಿದರೂ ಲೋಕವ್ಯವಹಾರದಲ್ಲಿ ಇವುಗಳ ನಡೆ ಬೇರೆ. ದಯೆಯನ್ನು ಉಳ್ಳವನು ಇಲ್ಲದವನಿಗೆ ತೋರುತ್ತಾನೆ. ತೋರಿದರೆ ಪುಣ್ಯ, ತೋರದಿದ್ದರೆ ಕೇಳುವವರಿಲ್ಲ. ದಾಯವೆಂದರೆ ಪಾಲು, ಅದನ್ನು ಕೊಟ್ಟವನಿಗೆ ವಿಶೇಷ ಪುಣ್ಯವಿಲ್ಲ, ಕೊಡದವನಿಗೆ ದೋಷವುಂಟು. ದಯೆಯನ್ನು ಪಡೆದವನು ಕೈ ಮುಗಿದು ನಿಲ್ಲುತ್ತಾನೆ. ದಾಯವನ್ನು ಪಡೆದವನು ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ದಯೆಗೆ ಮೂಲವಾದ ಧಾತುವಿಗೆ ವೈಯಾಕರಣರು ಕೊಡುವುದು, ಹೋಗುವುದು, ಕಾಪಾಡುವುದು, ಹಿಂಸಿಸುವುದು, ತೆಗೆದುಕೊಳ್ಳುವುದು ಎಂದು ಐದು ಅರ್ಥಗಳನ್ನು ಹೇಳಿದ್ದಾರೆ. ಕಾಪಾಡುವುದೂ ಹಿಂಸಿಸುವುದೂ ಒಂದೇ ಧಾತುವಿನಲ್ಲಿ ಹೇಗೆ ಸೇರಿದುವೆಂದು ಪಾಠಶಾಲೆಯ ವಿದ್ಯಾರ್ಥಿಗೆ ಆಶ್ಚರ್ಯವಾಗಬಹುದು. ಲೋಕವನ್ನು ಕಂಡವನಿಗೆ ಆಗದು. ಕೊಟ್ಟು ಹೊರಟುಹೋಗುವ ದಯೆ, ಕಾಪಾಡುವೆನೆಂದು ಕೂಡಿಹಾಕುವ ದಯೆ, ಕೊಡುತ್ತ ಕೊಡುತ್ತಲೇ ಮಾನವನ್ನು ತೆಗೆದುಕೊಳ್ಳುವ ದಯೆ, ಎಲ್ಲವೂ ಲೋಕದಲ್ಲಿವೆ.

ದಯೆಗೆ ವಚನಕಾರರು ಕೊಟ್ಟ ಉನ್ನತ ಸ್ಥಾನವನ್ನು ಕನ್ನಡಿಗರು ಮರೆಯಲಾರರು. ಅದನ್ನು ಕೆಳಗಿಳಿಸುವುದು ಈ ಮಾತಿನ ಉದ್ದೇಶವಲ್ಲ. ಬಾಗಿಲನ್ನು ತೆರೆಯುವುದಕ್ಕೆ ದಯೆಯೇ ಬೇಕು. ಆದರೆ ಬಾಗಿಲು ತೆರೆದ ಮೇಲೆ ಬಂದವನನ್ನು ಜಗಲಿಯಲ್ಲಿ ಕುಳ್ಳಿರಿಸಿ ಉಳಿದದ್ದನ್ನು ಬಡಿಸುವುದೊಂದು ಬಗೆ. ಒಳಗೆ ಕರೆದು ಪಂಕ್ತಿಯಲ್ಲಿ ಎಲೆ ಹಾಕುವುದು ಇನ್ನೊಂದು ಬಗೆ. ಬೀದಿಯ ಮಗುವಿಗೆ ಸಲ್ಲತಕ್ಕದ್ದು ಎರಡನೆಯದು. ಈ ಮಾತು ಸುಲಭವಾಗಿ ಹೇಳಬಹುದಾದದ್ದು, ನಡೆಸುವುದು ಕಷ್ಟ. ಆ ಕಷ್ಟವೇ ಈ ಲೇಖನದ ವಿಷಯ.

೨

ಬೀದಿಯ ಮಕ್ಕಳೆಂದು ಒಟ್ಟಾಗಿ ಕರೆಯಲ್ಪಡುವವರಲ್ಲಿ ಮೂರು ಬಗೆಯವರುಂಟು. ಹಗಲೆಲ್ಲ ಬೀದಿಯಲ್ಲಿ ದುಡಿದು, ಚಿಂದಿ ಆಯ್ದು, ಹೂವನ್ನೋ ಬಲೂನನ್ನೋ ಮಾರಿ, ರಾತ್ರಿ ಗುಡಿಸಲಿಗೆ ಹಿಂದಿರುಗುವವರು ಒಂದು ಬಗೆ. ತಾಯಿತಂದೆಯರೊಡನೆಯೇ ಸೇತುವೆಯ ಕೆಳಗೆ, ಕಟ್ಟಡ ಕೆಲಸ ನಡೆಯುವ ಕಡೆ, ಅಂಗಡಿ ಮುಚ್ಚಿದ ಮೇಲೆ ಅದರ ಜಗಲಿಯಲ್ಲಿ ಮಲಗುವವರು ಎರಡನೆಯ ಬಗೆ. ಮನೆಯನ್ನು ಬಿಟ್ಟು ರೈಲು ಹತ್ತಿ ಬಂದು ಒಂಟಿಯಾಗಿ ಬದುಕುವವರು ಮೂರನೆಯ ಬಗೆ. ಜನರ ಕಲ್ಪನೆಯಲ್ಲಿ ಎಲ್ಲರೂ ಅನಾಥರು. ವಸ್ತುಸ್ಥಿತಿ ಹಾಗಲ್ಲ, ಬಹುಮಂದಿಗೆ ತಾಯಿಯೋ ತಂದೆಯೋ ಇಬ್ಬರೋ ಇದ್ದಾರೆ. ಕುಡುಕನ ಹೊಡೆತ, ಮಲತಾಯಿಯ ಅಥವಾ ಮಲತಂದೆಯ ಉಪೇಕ್ಷೆ, ಸಾಲ, ಬರ, ಶಾಲೆಯಲ್ಲಿ ತಿಂದ ಪೆಟ್ಟು, ಹಸಿವು ಇವೇ ಅವರನ್ನು ಹೊರಗೆ ನೂಕಿದುವು.

ಕನ್ನಡದಲ್ಲಿ ದಿಕ್ಕಿಲ್ಲದವನನ್ನು ಪರದೇಶಿಯೆನ್ನುವ ರೂಢಿಯಿದೆ. ತಾನು ಹುಟ್ಟಿದ ಊರಿನಲ್ಲಿಯೇ ಇದ್ದರೂ ತನ್ನವರೆನ್ನುವವರು ಇಲ್ಲದಿದ್ದರೆ ಅದು ಪರದೇಶವೇ ಎಂದು ಈ ಮಾತನ್ನು ಬಳಕೆಗೆ ತಂದ ಜನಕ್ಕೆ ತಿಳಿದಿತ್ತು. ಅದೇ ನಾಡಿನ ನೆಲ, ಅದೇ ನಾಡಿನ ನುಡಿ, ಆದರೂ ಆ ಹುಡುಗ ಪರದೇಶಿ. ಅವನಿಗೆ ಕೊರತೆಯಾಗಿರುವುದು ಅನ್ನವಷ್ಟೇ ಅಲ್ಲ, ದೇಶವೇ. ಅಂದರೆ ತನ್ನದೆನ್ನಬಹುದಾದ ಜನ.

ಇಂತಹ ಹುಡುಗನೊಬ್ಬನ ಕಥೆಯನ್ನು ಐತರೇಯ ಬ್ರಾಹ್ಮಣವು ಹೇಳುತ್ತದೆ. ರಾಜಸೂಯದಲ್ಲಿ ಅಭಿಷಿಕ್ತನಾದ ಅರಸನಿಗೆ ಹೋತೃವು ಹೇಳಬೇಕಾದ ಕಥೆ ಅದು. ಹೊಸದಾಗಿ ಪಟ್ಟವೇರಿದವನ ಕಿವಿಗೆ ದಿಗ್ವಿಜಯದ ಕಥೆಯಲ್ಲ, ಮಾರಲ್ಪಟ್ಟ ಮಗುವಿನ ಕಥೆ ಬೀಳಬೇಕೆಂದು ಪೂರ್ವಿಕರು ವಿಧಿಸಿದರೆಂಬುದು ಗಮನಿಸತಕ್ಕ ಸಂಗತಿ.

ಹರಿಶ್ಚಂದ್ರನು ಮಗನನ್ನು ಬಲಿ ಕೊಡುವೆನೆಂದು ವರುಣನಿಗೆ ಮಾತು ಕೊಟ್ಟೇ ಮಗನನ್ನು ಪಡೆದನು. ಮಗ ರೋಹಿತನು ಬೆಳೆದು, ವಿಷಯವನ್ನು ತಿಳಿದು, ಬಿಲ್ಲು ಹಿಡಿದು ಕಾಡಿಗೆ ಹೊರಟುಹೋದನು. ತಂದೆಗೆ ಜಲೋದರವಾಯಿತು. ಕಾಡಿನಲ್ಲಿ ಅಲೆಯುತ್ತಿದ್ದ ರೋಹಿತನಿಗೆ ಹಸಿವಿನಿಂದ ಕಂಗೆಟ್ಟ ಅಜೀಗರ್ತನೆಂಬ ಋಷಿ ಸಿಕ್ಕಿದನು. ಅವನಿಗೆ ಮೂವರು ಮಕ್ಕಳು. ನೂರು ಹಸುಗಳಿಗೆ ಒಬ್ಬನನ್ನು ಕೊಡೆಂದು ರೋಹಿತನು ಕೇಳಿದಾಗ ಹಿರಿಯನನ್ನು ತಂದೆ ಬಿಡಲಿಲ್ಲ, ಕಿರಿಯನನ್ನು ತಾಯಿ ಬಿಡಲಿಲ್ಲ. ನಡುವಿನವನನ್ನು ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ. ಅವನೇ ಶುನಃಶೇಪ.

ಯಜ್ಞಶಾಲೆಯಲ್ಲಿ ವಿಶ್ವಾಮಿತ್ರ, ಜಮದಗ್ನಿ, ವಸಿಷ್ಠ, ಅಯಾಸ್ಯರಂಥವರು ಋತ್ವಿಜರಾಗಿ ಕುಳಿತಿದ್ದರು. ಹುಡುಗನನ್ನು ಯೂಪಕ್ಕೆ ಕಟ್ಟುವವರು ಯಾರೂ ದೊರೆಯಲಿಲ್ಲ. ಅಜೀಗರ್ತನೇ ಇನ್ನೊಂದು ನೂರು ಹಸುಗಳಿಗೆ ಕಟ್ಟಿದನು. ಕೊಲ್ಲುವವರು ಯಾರೂ ಮುಂದೆ ಬರಲಿಲ್ಲ. ಅಜೀಗರ್ತನೇ ಮತ್ತೊಂದು ನೂರಕ್ಕೆ ಕತ್ತಿ ಮಸೆಯುತ್ತ ಬಂದನು. ಆಗ ಹುಡುಗನಿಗೆ ಒಂದು ಸತ್ಯ ಹೊಳೆಯಿತು: ಇವರು ತನ್ನನ್ನು ಮನುಷ್ಯನೆಂದೇ ಎಣಿಸಿಲ್ಲ. ಅವನು ತಾನೇ ದೇವತೆಗಳನ್ನು ಒಬ್ಬೊಬ್ಬರನ್ನಾಗಿ ಸ್ತುತಿಸಿದನು. ಕೊನೆಯಲ್ಲಿ ಉಷಸ್ಸನ್ನು ಸ್ತುತಿಸುತ್ತಿರಲು ಒಂದೊಂದು ಋಕ್ಕಿಗೂ ಒಂದೊಂದು ಪಾಶ ಸಡಿಲಿತು; ಅರಸನ ಉದರವೂ ಅದರೊಡನೆ ಇಳಿಯಿತು. ಹುಡುಗ ಬಿಡುಗಡೆಯಾದ ಗಳಿಗೆಯಲ್ಲಿಯೇ ಅರಸನಿಗೂ ಆರೋಗ್ಯ ಬಂದಿತು.

ಅಲ್ಲಿದ್ದವರಲ್ಲಿ ಮಗುವನ್ನು ಕಟ್ಟುವಷ್ಟು ಕ್ರೂರರು, ತಂದೆಯೊಬ್ಬನ ಹೊರತು, ಯಾರೂ ಇರಲಿಲ್ಲ. ಆದರೆ ಬಿಡಿಸುವುದಕ್ಕೂ ಯಾರೂ ಏಳಲಿಲ್ಲ. ಕೆಂಪು ದೀಪದ ಬಳಿ ನಿಂತ ಗೃಹಸ್ಥನ ಸ್ಥಿತಿಯೂ ಇದೇ. ಅವನು ಯಾವ ಮಗುವನ್ನೂ ಬೀದಿಗೆ ನೂಕಿದವನಲ್ಲ. ತಾನು ಕಟ್ಟಿಲ್ಲವೆಂಬ ಸಮಾಧಾನದಲ್ಲಿ ಕುಳಿತವನು. ಕಟ್ಟದಿರುವುದು ಧರ್ಮದ ಮೊದಲ ಅರ್ಧ ಮಾತ್ರ.

೩

ಈ ಕಥೆಯಲ್ಲಿ ಮೊದಲು ಕಾಣುವ ತತ್ತ್ವವೆಂದರೆ ಶಕ್ತಿಯು ಹೊರಗಿನಿಂದ ಬರಲಿಲ್ಲವೆಂಬುದು. ಶುನಃಶೇಪನ ಬಿಡುಗಡೆಗೆ ಕಾರಣವಾದ ವಾಕ್ಕು ಅವನದೇ. ಬೀದಿಯ ಮಕ್ಕಳನ್ನು ಶಕ್ತರನ್ನಾಗಿ ಮಾಡಬೇಕೆಂಬ ಮಾತು ಈಗ ಬಹಳ ಕೇಳಿಬರುತ್ತದೆ. ಬುತ್ತಿ ಕಟ್ಟಿ ಕೊಡುವಂತೆ ಶಕ್ತಿಯನ್ನು ಕಟ್ಟಿ ಕೊಡಬಹುದೆಂಬ ಭ್ರಮೆ ಆ ಮಾತಿನಲ್ಲಿ ಅಡಗಿರುವುದುಂಟು. ಯಾವ ರೈಲು ಯಾವ ಪ್ಲಾಟ್‌ಫಾರಂಗೆ ಎಷ್ಟು ಹೊತ್ತಿಗೆ ಬರುತ್ತದೆ, ಗುಜರಿ ಅಂಗಡಿಯಲ್ಲಿ ಯಾವ ಲೋಹಕ್ಕೆ ಯಾವ ಬೆಲೆ, ಯಾವ ಪೊಲೀಸಿನವನು ಗದರಿಸಿ ಬಿಡುವವನು, ಯಾವನು ಹೊಡೆಯುವವನು, ಹೊಸದಾಗಿ ಬಂದ ಚಿಕ್ಕವನನ್ನು ರಾತ್ರಿ ಯಾರ ನಡುವೆ ಮಲಗಿಸಬೇಕು, ಇವೆಲ್ಲವನ್ನೂ ಹತ್ತು ವರ್ಷದ ಹುಡುಗನು ಬಲ್ಲನು. ಅವನಲ್ಲಿಲ್ಲದ್ದು ಶಕ್ತಿಯಲ್ಲ, ಆ ಶಕ್ತಿಗೆ ಮನ್ನಣೆ, ಅದು ಬೆಳೆಯುವುದಕ್ಕೆ ಒಂದು ನೆಲೆ.

ದುಡಿದ ಹಣವನ್ನು ಬೀದಿಯ ಹುಡುಗರು ಅಂದಂದೇ ತಿಂಡಿಗೂ ಸಿನಿಮಾಕ್ಕೂ ಸುರಿಯುತ್ತಾರೆಂದು ಹಿರಿಯರು ಆಕ್ಷೇಪಿಸುವುದುಂಟು. ಕಾರಣ ದುಂದುಗಾರಿಕೆಯಲ್ಲ. ಇಟ್ಟುಕೊಂಡರೆ ನಿದ್ದೆಯಲ್ಲಿರುವಾಗ ದೊಡ್ಡವರು ಕಿತ್ತುಕೊಳ್ಳುತ್ತಾರೆ. ಆದುದರಿಂದ ಹೊಟ್ಟೆಯೊಂದೇ ಭದ್ರವಾದ ಪೆಟ್ಟಿಗೆ. ದೆಹಲಿಯಲ್ಲಿ ೧೯೮೯ರಲ್ಲಿ ಆರಂಭವಾದ ಬಟರ್‌ಫ್ಲೈಸ್ ಎಂಬ ಸಂಸ್ಥೆಯವರು ಇದನ್ನು ಕಂಡುಕೊಂಡು ೨೦೦೧ರಲ್ಲಿ ಮಕ್ಕಳ ಖಜಾನೆಯೊಂದನ್ನು ಏರ್ಪಡಿಸಿದರು. ಹಣ ಇಡುವವರೂ ಮಕ್ಕಳು, ಲೆಕ್ಕ ಬರೆಯುವ ವ್ಯವಸ್ಥಾಪಕರೂ ತಮ್ಮತಮ್ಮೊಳಗೆ ಆರಿಸಿಕೊಂಡ ಮಕ್ಕಳು. ಉಳಿತಾಯವನ್ನು ಕುರಿತು ಅವರಿಗೆ ಉಪನ್ಯಾಸ ಬೇಕಾಗಿರಲಿಲ್ಲ. ಬೀಗವಿರುವ ಒಂದು ಪೆಟ್ಟಿಗೆ ಮತ್ತು ಅದರ ಬೀಗದ ಕೈಯನ್ನು ಅವರ ವಶಕ್ಕೆ ಕೊಡುವ ನಂಬಿಕೆ ಬೇಕಾಗಿತ್ತು. ಅದೇ ನಗರದಲ್ಲಿ ೨೦೦೩ರಲ್ಲಿ ಬೀದಿಯ ಮತ್ತು ದುಡಿಯುವ ಮಕ್ಕಳ ಒಕ್ಕೂಟವೊಂದು ‘ಬಾಲಕನಾಮಾ’ ಎಂಬ ಹಿಂದಿ ಪತ್ರಿಕೆಯನ್ನು ಹೊರಡಿಸಿತು. ಬರೆಯಬಲ್ಲ ಮಕ್ಕಳು ಅದರ ವರದಿಗಾರರು. ಬರೆಯಲಾರದವರೂ ವರದಿಗಾರರೇ, ಅವರು ತಮ್ಮ ಓಣಿಯ ಸಮಾಚಾರವನ್ನು ಬಾಯಿಂದ ಹೇಳುತ್ತಾರೆ, ಬಲ್ಲವರು ಬರೆದುಕೊಳ್ಳುತ್ತಾರೆ. ಶುನಃಶೇಪನಂತೆ ಇವರನ್ನೂ ತಮ್ಮ ವಾಕ್ಕೇ ಮನುಷ್ಯರ ಸಾಲಿನಲ್ಲಿ ನಿಲ್ಲಿಸುತ್ತದೆ.

ಕರ್ನಾಟಕದಲ್ಲಿಯೂ ಇದಕ್ಕೆ ನಿದರ್ಶನವಿದೆ. ೧೯೯೦ರಲ್ಲಿ ದುಡಿಯುವ ಮಕ್ಕಳು ಭೀಮ ಸಂಘವೆಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ೧೯೯೬ರಲ್ಲಿ ಅನೇಕ ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲಿ ಸೇರಿ ಹತ್ತು ಅಂಶಗಳ ಘೋಷಣೆಯೊಂದನ್ನು ಮಾಡಿದರು. ತಮ್ಮನ್ನು ಕುರಿತ ನಿರ್ಣಯಗಳಲ್ಲಿ ತಮ್ಮನ್ನು ಕೇಳಬೇಕೆಂಬುದು, ತಮ್ಮ ಸ್ಥಿತಿಗೆ ಹೊಂದುವ ವಿದ್ಯಾಭ್ಯಾಸ ಬೇಕೆಂಬುದು, ಮೂಲಕಾರಣವಾದ ಬಡತನವನ್ನು ಎದುರಿಸಬೇಕೆಂಬುದು ಅವುಗಳಲ್ಲಿ ಮುಖ್ಯವಾದುವು. ಶೋಷಣೆಯನ್ನು ಅವರು ಖಂಡಿಸಿದರು. ಆದರೆ ಓದಿಗೂ ಆಟಕ್ಕೂ ಎಡೆಯುಳ್ಳ, ಮಾನವುಳ್ಳ ದುಡಿಮೆ ತಮಗೆ ಬೇಕೆಂದರು.

ಇಲ್ಲಿ ಒಂದು ತೊಡಕು ಎದ್ದು ನಿಲ್ಲುತ್ತದೆ. ಭಾರತದ ಕಾನೂನು ೨೦೧೬ರ ತಿದ್ದುಪಡಿಯಿಂದ ಹದಿನಾಲ್ಕು ವರ್ಷದೊಳಗಿನವರನ್ನು, ಮನೆತನದ ಕಸುಬೇ ಮುಂತಾದ ಕೆಲವು ವಿನಾಯಿತಿಗಳ ಹೊರತು, ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು ನಿಷೇಧಿಸಿದೆ. ಮಗು ಕೇಳುವುದೊಂದು, ಹಿರಿಯರು ಮಗುವಿಗೆ ಹಿತವೆಂದು ನಿಶ್ಚಯಿಸಿದ್ದು ಇನ್ನೊಂದು. ಯಾವುದು ನಡೆಯಬೇಕು? ಮಗುವಿನ ಮಾತೇ ಪ್ರಮಾಣವೆನ್ನುವುದಾದರೆ ಪಂಕ್ಚರ್ ಹಾಕುವ ಸೊಲ್ಯೂಷನ್ನನ್ನು ಬಟ್ಟೆಗೆ ಹಚ್ಚಿ ಮೂಸುವ ಹುಡುಗನು ಅದನ್ನು ಬಿಡಲಾರೆನೆಂದರೆ ಒಪ್ಪಬೇಕಾಗುತ್ತದೆ. ಹಿರಿಯರ ನಿಶ್ಚಯವೇ ಪ್ರಮಾಣವೆನ್ನುವುದಾದರೆ ಮಗುವನ್ನು ಕೇಳುವುದು ಬರಿಯ ಉಪಚಾರವಾಗುತ್ತದೆ.

ಕೇಳುವುದಕ್ಕೂ ಪಾಲಿಸುವುದಕ್ಕೂ ಇರುವ ಭೇದವನ್ನು ಹಿಡಿದರೆ ತೊಡಕು ಸ್ವಲ್ಪಮಟ್ಟಿಗೆ ಬಿಡುತ್ತದೆ. ೧೯೮೯ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು ೧೯೯೨ರಲ್ಲಿ ಸೇರಿತು. ಅದರ ಹನ್ನೆರಡನೆಯ ವಿಧಿಯು ಮಗು ತನ್ನ ಅಭಿಪ್ರಾಯವನ್ನು ಹೇಳತಕ್ಕದ್ದೆಂದೂ ವಯಸ್ಸಿಗೂ ಪ್ರಬುದ್ಧತೆಗೂ ತಕ್ಕಂತೆ ಆ ಅಭಿಪ್ರಾಯಕ್ಕೆ ತೂಕ ಸಲ್ಲತಕ್ಕದ್ದೆಂದೂ ಹೇಳುತ್ತದೆ. ಭಾರತದ ೨೦೧೫ರ ಬಾಲನ್ಯಾಯ ಕಾಯಿದೆಯೂ ತನ್ನ ಮೂಲತತ್ತ್ವಗಳಲ್ಲಿ ಇದನ್ನು ಸೇರಿಸಿಕೊಂಡಿದೆ. ತೂಕ ಸಲ್ಲಬೇಕೆಂದರೆ ತಕ್ಕಡಿಗೆ ಹಾಕಬೇಕೆಂದರ್ಥ. ಮಗುವಿನ ಮಾತಿರುವ ತಟ್ಟೆಯೇ ಯಾವಾಗಲೂ ತಗ್ಗಬೇಕೆಂದಲ್ಲ. ತಕ್ಕಡಿಗೇ ಹಾಕದೆ ಎಸೆಯುವುದು ಅನ್ಯಾಯ. ಕೆಲಸವನ್ನು ಬಿಡಿಸುವ ಹಿರಿಯನು ಆ ಕೆಲಸದಿಂದ ಮನೆಗೆ ಬರುತ್ತಿದ್ದ ಹಿಟ್ಟು ಇನ್ನೆಲ್ಲಿಂದ ಬರುವುದೆಂದು ಹೇಳುವ ಹೊಣೆಯನ್ನೂ ಹೊರಬೇಕು. ಕುಂದಾಪುರದಲ್ಲಿ ಸೇರಿದ ಮಕ್ಕಳು ಬಡತನದ ಮಾತನ್ನೆತ್ತಿದ್ದು ಈ ಕಾರಣದಿಂದಲೇ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂಬಂತೆ, ಹಸಿದ ಮಕ್ಕಳಿಗೆ ಹಕ್ಕು, ಧ್ವನಿ, ಮನ್ನಣೆಯೆಂದು ಹೇಳುತ್ತ ಕೂರುವುದು ಹಾಸ್ಯಾಸ್ಪದವಲ್ಲವೆ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಬೀದಿಯು ಪಾಠಶಾಲೆಯೆಂದು ಹೊಗಳುವವರು ಬೀದಿಯಲ್ಲಿ ಮಲಗಿದವರಲ್ಲ. ಅಲ್ಲಿ ಜ್ವರವುಂಟು, ನಾಯಿಯುಂಟು, ರಾತ್ರಿಯ ಭಯವುಂಟು, ಹೆಣ್ಣುಮಗುವಿಗೆ ಹೇಳಬಾರದ ಅಪಾಯಗಳುಂಟು. ರಕ್ಷಣೆಯಿಲ್ಲದ ಸ್ವಾತಂತ್ರ್ಯವು ಪರಿತ್ಯಾಗದ ಇನ್ನೊಂದು ಹೆಸರು. ಆದರೆ ಮಾತಿಗೆ ಎಡೆಯಿಲ್ಲದ ರಕ್ಷಣೆಯು ಸೆರೆಮನೆಯ ಇನ್ನೊಂದು ಹೆಸರು. ಅಂಥ ರಕ್ಷಣೆಯಿಂದ ಮಕ್ಕಳು ಗೋಡೆ ಹಾರಿ ಓಡುತ್ತಾರೆ. ಅನ್ನ ಮೊದಲು, ಮನ್ನಣೆ ಆಮೇಲೆ ಎಂಬ ಕ್ರಮವು ಸರಿಯಾಗಿ ತೋರಿದರೂ ನಡೆಯಲ್ಲಿ ನಿಲ್ಲದು. ಅನ್ನವನ್ನು ಇಕ್ಕುವ ಬಗೆಯಲ್ಲಿಯೇ ಮನ್ನಣೆ ಇರುತ್ತದೆ, ಇಲ್ಲವೆ ಇರುವುದಿಲ್ಲ.

೪

ಶುನಃಶೇಪನ ಕಥೆ ಬಿಡುಗಡೆಯಲ್ಲಿ ಮುಗಿಯುವುದಿಲ್ಲ. ಪಾಶ ಕಳಚಿದ ಹುಡುಗನು ವಿಶ್ವಾಮಿತ್ರನ ತೊಡೆಯನ್ನೇರಿ ಕುಳಿತನು. ಅಜೀಗರ್ತನು ಬಂದು ಮಗನನ್ನು ಹಿಂದಕ್ಕೆ ಕೇಳಿದನು. ಪಡೆದ ಮುನ್ನೂರು ಹಸುಗಳನ್ನೂ ಅವನಿಗೇ ಕೊಡುವೆನೆಂದನು. ಒಮ್ಮೆ ಇಂಥ ಪಾಪವನ್ನು ಮಾಡಿದವನು ಇನ್ನೊಮ್ಮೆಯೂ ಮಾಡಬಲ್ಲನೆಂದು ಹುಡುಗನು ತಂದೆಯನ್ನು ನಿರಾಕರಿಸಿದನು. ನಿಲ್ದಾಣದಲ್ಲಿ ಸಿಕ್ಕಿದ ಮಗುವನ್ನು ಊರಿನ ಹೆಸರು ಕೇಳಿ ಮುಂದಿನ ರೈಲಿಗೆ ಹತ್ತಿಸಿಬಿಡುವುದೇ ಸೇವೆಯೆಂದು ತಿಳಿದವರಿಗೆ ಈ ಪ್ರಕರಣವು ಎಚ್ಚರಿಕೆ. ತಾಯಿತಂದೆಯರ ಬಳಿ ಇರುವುದೇ ಸಾಮಾನ್ಯವಾಗಿ ಮಗುವಿಗೆ ಹಿತ; ಕಾನೂನೂ ಮೊದಲು ಅದನ್ನೇ ನೋಡುತ್ತದೆ. ಆದರೆ ಓಡಿಬಂದದ್ದೇಕೆಂದು ಮಗುವನ್ನು ಕೇಳದೆ, ಆ ಕಾರಣ ಮನೆಯಲ್ಲಿ ಇನ್ನೂ ಇದೆಯೆ ಎಂದು ನೋಡದೆ ಕಳುಹಿಸಿದರೆ ಆ ಮಗು ಮತ್ತೊಂದು ರೈಲಿನಲ್ಲಿ ಮತ್ತೊಂದು ಊರಿಗೆ ಹೋಗುತ್ತದೆ.

ಮುಂದಿನ ಪ್ರಸಂಗ ಇನ್ನೂ ಗಹನವಾದದ್ದು. ನೀನು ನನ್ನ ಹಿರಿಯ ಮಗನಾಗು, ದಾಯವನ್ನು ಪಡೆ ಎಂದು ವಿಶ್ವಾಮಿತ್ರನು ಕರೆದನು. ಬೇರೆ ಹುಡುಗನಾಗಿದ್ದರೆ ಕೂಡಲೆ ಒಪ್ಪುತ್ತಿದ್ದನು. ಶುನಃಶೇಪನು ಒಂದು ಮಾತನ್ನು ಕೇಳಿದನು: ನಿನ್ನ ಮಕ್ಕಳು ಇದನ್ನು ಒಪ್ಪಬೇಕು, ಅವರ ಸೌಹಾರ್ದವಿದ್ದರೆ ತನಗೆ ಶ್ರೇಯಸ್ಸು. ತಂದೆ ತೊಡೆಯನ್ನು ಕೊಡಬಲ್ಲನು, ಹೆಸರನ್ನು ಕೊಡಬಲ್ಲನು; ಅಣ್ಣತಮ್ಮಂದಿರು ಒಪ್ಪದೆ ಮನೆಯನ್ನು ಕೊಡಲಾರನೆಂಬುದು ಮಾರಲ್ಪಟ್ಟ ಆ ಹುಡುಗನಿಗೆ ಗೊತ್ತಿತ್ತು.

ವಿಶ್ವಾಮಿತ್ರನಿಗೆ ನೂರ ಒಂದು ಮಕ್ಕಳು. ಮಧುಚ್ಛಂದಸನಿಗಿಂತ ಹಿರಿಯರಾದ ಐವತ್ತು ಮಂದಿ ಒಪ್ಪಲಿಲ್ಲ. ಮಧುಚ್ಛಂದಸನೂ ಅವನಿಗಿಂತ ಕಿರಿಯರಾದ ಐವತ್ತು ಮಂದಿಯೂ ಒಪ್ಪಿ ಹೊರಗಿನಿಂದ ಬಂದವನನ್ನು ಅಣ್ಣನೆಂದು ಮುಂದೆ ನಿಲ್ಲಿಸಿಕೊಂಡರು. ಕಿರಿಯರೇ ಒಪ್ಪಿದ್ದೇಕೆಂದು ಕಥೆ ವಿವರಿಸುವುದಿಲ್ಲ. ಊಹಿಸುವುದು ಕಷ್ಟವಲ್ಲ. ದಾಯಾದಿಯೆಂಬ ಮಾತಿಗೆ ಪಾಲುಗಾರನೆಂದರ್ಥವಿದ್ದರೂ ಕನ್ನಡದಲ್ಲಿ ಅದಕ್ಕೆ ಮತ್ಸರದ ವಾಸನೆ ಅಂಟಿಕೊಂಡಿದೆ. ಪಾಲು ಕೈಗೆ ಬರುವ ಹೊತ್ತಿನಲ್ಲಿರುವವನಿಗೆ ಹೊಸ ಪಾಲುಗಾರನು ಕಂಟಕ. ಪಾಲಿನ ಲೆಕ್ಕ ಇನ್ನೂ ತಲೆಗೆ ಹತ್ತದವನಿಗೆ ಅವನು ಜತೆಗಾರ.

ಬೀದಿಯ ಮಕ್ಕಳ ವಿಷಯದಲ್ಲಿ ತರುಣರನ್ನು ಏಕೆ ಕರೆಯಬೇಕೆಂಬುದಕ್ಕೆ ಇದೇ ಉತ್ತರ. ಹಣ ಸರ್ಕಾರದಲ್ಲಿದೆ, ಅನುಭವ ಹಿರಿಯರಲ್ಲಿದೆ. ಆದರೆ ಸೋದರತ್ವವನ್ನು ಕೊಡಬಲ್ಲವರು ವಯಸ್ಸಿನಲ್ಲಿ ಹತ್ತಿರದವರೇ. ಅಧಿಕಾರಿಯು ಬಂದರೆ ಮಗು ಸುಳ್ಳು ಹೆಸರನ್ನು ಹೇಳುತ್ತದೆ. ದಾತನು ಬಂದರೆ ಅಳುಮುಖವನ್ನು ತೋರುತ್ತದೆ. ಹದಿನೆಂಟರ ಹುಡುಗನೊಬ್ಬನು ಬಂದು ಪಕ್ಕದಲ್ಲಿ ಕುಳಿತು ಗೋಲಿಯಾಡಿದರೆ ನಾಲ್ಕನೆಯ ದಿನ ನಿಜವಾದ ಹೆಸರನ್ನು ಹೇಳುತ್ತದೆ. ೧೯೮೦ರಲ್ಲಿ ಬೆಂಗಳೂರಿನಲ್ಲಿ ಪಾದ್ರಿಗಳಾಗುವುದಕ್ಕೆ ಓದುತ್ತಿದ್ದ ಕೆಲವು ಸಲೇಷಿಯನ್ ತರುಣರು ಹೀಗೆಯೇ ಬೀದಿಗಿಳಿದು ಮಕ್ಕಳ ಜತೆ ಕುಳಿತರು. ಅದರಿಂದ ಹುಟ್ಟಿದ ಸಂಸ್ಥೆಗೆ ಬೆಂಗಳೂರು ಓಣಿಯವರ ಸೇವಾ ಕೂಟವೆಂದು ಹೆಸರಾಯಿತು. ಅನಾಥರು, ದೀನರು, ಪತಿತರು ಎಂಬ ಯಾವ ಮಾತೂ ಆ ಹೆಸರಿನಲ್ಲಿಲ್ಲ. ಓಣಿಯವರು ಎಂದಷ್ಟೇ ಇದೆ. ನಮ್ಮ ಓಣಿಯವರು ಎಂದು ನೆರೆಯವರನ್ನು ಹೇಳುವ ಧಾಟಿ ಅದು.

ತರುಣರು ಬಾರದಿದ್ದರೆ ಆ ಸ್ಥಳ ಬರಿದಾಗಿ ಉಳಿಯುವುದೂ ಇಲ್ಲ. ಕೌರವ ಪಾಂಡವರ ವಿದ್ಯಾಪ್ರದರ್ಶನದ ರಂಗದಲ್ಲಿ ಕರ್ಣನಿಗೆ ಕುಲವನ್ನು ಕೇಳಿದವರು ಆಚಾರ್ಯರು. ನಕ್ಕು ಹೀಯಾಳಿಸಿದವರು ಧರ್ಮದ ಪಕ್ಷದ ತರುಣರು. ಎದ್ದು ಬಂದು ಅಂಗರಾಜ್ಯವನ್ನು ಕೊಟ್ಟು ಗೆಳೆಯನೆಂದವನು ದುರ್ಯೋಧನ. ಅನಂತರದ ಕರ್ಣನ ನಡೆಯನ್ನು ಪಂಪನಿಂದ ಮೊದಲ್ಗೊಂಡು ಕನ್ನಡದ ಕವಿಗಳು ಮರುಗಿ ಹಾಡಿದ್ದಾರೆ. ಅವನು ಕೆಟ್ಟ ಪಕ್ಷವನ್ನು ಸೇರಿದನೆಂದು ದೂಷಿಸುವವರು ಒಳ್ಳೆಯ ಪಕ್ಷವು ಅಂದು ಅವನಿಗೆ ಎಲ್ಲಿ ಜಾಗ ಮಾಡಿತ್ತೆಂದು ಹೇಳಬೇಕು. ಇಂದಿಗೂ ನಿಲ್ದಾಣಕ್ಕೆ ಬಂದಿಳಿದ ಹುಡುಗನ ಹೆಗಲ ಮೇಲೆ ಮೊದಲು ಕೈಯಿಡುವವನು ಗಾಂಜಾ ಸಾಗಿಸುವವನಾಗಿರಬಹುದು, ಮಕ್ಕಳಿಂದ ಭಿಕ್ಷೆಯೆತ್ತಿಸುವವನಾಗಿರಬಹುದು, ಕಳ್ಳತನಕ್ಕೆ ಒಗ್ಗಿಸುವವನಾಗಿರಬಹುದು. ಅವನೂ ಅನ್ನ ಕೊಡುತ್ತಾನೆ. ಅನ್ನಕ್ಕಿಂತ ಹೆಚ್ಚಾಗಿ, ನೀನು ನಮ್ಮವನು ಎನ್ನುತ್ತಾನೆ. ಆ ಒಂದು ಮಾತಿಗಾಗಿ ಹುಡುಗನು ಪ್ರಾಣವನ್ನೂ ಕೊಡುತ್ತಾನೆ. ಸಜ್ಜನರು ದಯೆ ತೋರುತ್ತಿರುವ ಹೊತ್ತಿನಲ್ಲಿ ದುರ್ಜನರು ದಾಯವನ್ನು ಕೊಡುತ್ತಿರುವುದು ಈ ವಿಷಯದ ದೊಡ್ಡ ದುರಂತ.

೫

ತರುಣರ ಉತ್ಸಾಹದಲ್ಲಿಯೂ ದೋಷಗಳಿಲ್ಲದಿಲ್ಲ. ಹುಟ್ಟುಹಬ್ಬದ ದಿನ ಬಿಸ್ಕತ್ತು ಹಂಚಿ, ಹಂಚಿದ್ದಕ್ಕೆ ಸಾಕ್ಷಿಯಾಗಿ ಮಗುವಿನ ಚಿತ್ರ ತೆಗೆದು ನಾಲ್ಕು ಜನಕ್ಕೆ ತೋರಿಸಿಕೊಳ್ಳುವ ಪದ್ಧತಿ ಬೆಳೆದಿದೆ. ತನ್ನ ಬಡತನದ ಚಿತ್ರವನ್ನು ಯಾರು ಯಾರು ನೋಡುತ್ತಿದ್ದಾರೆಂಬುದು ಆ ಮಗುವಿ‌ಗೆ ತಿಳಿಯದು. ಮನೆಯವರ ಅಪ್ಪಣೆಯಿಲ್ಲದೆ ತಮ್ಮ ಮನೆಯ ಮಗುವಿನ ಚಿತ್ರವನ್ನು ಇನ್ನೊಬ್ಬರು ಹೀಗೆ ಸಾರಿದರೆ ಇವರೇ ಜಗಳಕ್ಕೆ ನಿಲ್ಲುವರು. ಇನ್ನು ಕೆಲವರು ತಾವೇ ಎಲ್ಲವನ್ನೂ ಸರಿಪಡಿಸುವೆವೆಂದು ಹೊರಟು, ಪೆಟ್ಟು ತಿಂದ ಮಗುವನ್ನು ಬಲ್ಲವರ ಬಳಿಗೆ ಒಯ್ಯದೆ ಅಪಾಯಕ್ಕೊಡ್ಡುವುದುಂಟು. ೧೯೯೬ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಈಗ ಸರ್ಕಾರದ ಆಡಳಿತದಲ್ಲಿ ನಡೆಯುತ್ತಿರುವ ೧೦೯೮ ಎಂಬ ಮಕ್ಕಳ ಸಹಾಯವಾಣಿಯನ್ನು ಕರೆಯುವುದಕ್ಕೆ ಪಾಂಡಿತ್ಯ ಬೇಕಿಲ್ಲ; ತನ್ನಿಂದಾಗದ್ದು ಯಾವುದೆಂಬ ವಿವೇಕ ಬೇಕು.

ತರುಣನೊಬ್ಬನು ಮಾಡಬಹುದಾದ ಕೆಲಸ ಸಣ್ಣದಾಗಿ ಕಂಡರೂ ನಿಶ್ಚಿತವಾದದ್ದು. ಮಗುವಿನ ಹೆಸರನ್ನು ಕಲಿಯುವುದು. ಕಲಿಸುವುದಕ್ಕೆ ಮುಂಚೆ ಅದರಿಂದ ಏನನ್ನಾದರೂ ಕಲಿಯುವುದು. ಶಾಲೆಯ ಬಾಗಿಲಿನವರೆಗೆ ಜತೆಗೆ ಹೋಗಿ ನಿಲ್ಲುವುದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ವಯಸ್ಸಿನ ದಾಖಲೆಯಿಲ್ಲವೆಂದು ಯಾವ ಮಗುವಿಗೂ ಪ್ರವೇಶವನ್ನು ನಿರಾಕರಿಸಬಾರದೆಂದು ಹೇಳಿದೆ; ತಡವಾಗಿ ಬಂದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದೂ ಹೇಳಿದೆ. ಹಾರಿದ್ರುಮತ ಗೌತಮನು ಗೋತ್ರವನ್ನರಿಯದ ಸತ್ಯಕಾಮನಿಗೆ ಅವನಾಡಿದ ಸತ್ಯವೊಂದನ್ನೇ ದಾಖಲೆಯೆಂದು ಅಂಗೀಕರಿಸಿದ ನಾಡಿನಲ್ಲಿ ಈ ವಿಧಿ ಹೊಸದೇನಲ್ಲ. ಆದರೆ ಕಾಯಿದೆ ಪುಸ್ತಕದಲ್ಲಿರುತ್ತದೆ, ಮಗು ಬಾಗಿಲಿನಲ್ಲಿರುತ್ತದೆ. ಇವೆರಡರ ನಡುವಿನ ಹತ್ತು ಹೆಜ್ಜೆಯನ್ನು ಜತೆಯಾಗಿ ನಡೆಯುವವನೊಬ್ಬನು ಬೇಕು. ಅದೇ ಸೋದರನ ಕೆಲಸ. ಶಾಲೆ, ಪಡಿತರ, ಆಸ್ಪತ್ರೆ, ನಿರ್ಭಯವಾದ ನಿದ್ದೆ ಇವು ಯಾರ ಸ್ವಂತದ ಸೊತ್ತೂ ಅಲ್ಲ, ನಾಡಿನ ಪಿತ್ರಾರ್ಜಿತ. ಅದರಲ್ಲಿ ಆ ಮಗುವಿನ ಪಾಲು ಮೊದಲಿನಿಂದಲೂ ಇದ್ದದ್ದೇ; ಪಾಲುಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದೆ, ಅಷ್ಟೆ.

ಎಲ್ಲಕ್ಕಿಂತ ಕಠಿನವಾದ ನಿಯಮವೊಂದುಂಟು: ಮತ್ತೆ ಬರುವುದು. ಬೀದಿಯ ಮಗುವಿಗೆ ಹೊಸದಾಗಿ ಬಂದವರ ಕೊರತೆಯಿಲ್ಲ. ಮತ್ತೆ ಬಂದವರ ಕೊರತೆಯಿದೆ. ಒಮ್ಮೆ ಬಿಟ್ಟುಹೋಗಲ್ಪಟ್ಟ ಮಗು ಅದು. ಮೂರು ತಿಂಗಳು ಅಣ್ಣನೆಂದು ಕರೆಸಿಕೊಂಡು, ಪರೀಕ್ಷೆ ಬಂದಿತೆಂದೋ ಕೆಲಸ ಸಿಕ್ಕಿತೆಂದೋ ಹೇಳದೆ ಕೇಳದೆ ಮಾಯವಾಗುವ ತರುಣನು ಅದಕ್ಕೆ ಎರಡನೆಯ ಅಜೀಗರ್ತನಾಗುತ್ತಾನೆ. ಏನನ್ನೂ ಮಾರದೆಯೇ ಆಗುತ್ತಾನೆ. ಅಂಥವನು ಬಾರದೆ ಇದ್ದಿದ್ದರೇ ಲೇಸಾಗಿತ್ತು. ವಾರಕ್ಕೆ ಒಂದೇ ಗಂಟೆಯಾದರೂ ಅದೇ ವಾರ, ಅದೇ ಹೊತ್ತು, ಅದೇ ಜಾಗ ಎಂದು ನಡೆಸಿಕೊಂಡು, ಬಿಡಬೇಕಾಗಿ ಬಂದಾಗ ಮುಂಚಿತವಾಗಿ ತಿಳಿಸಿ, ಇನ್ನೊಬ್ಬನ ಕೈಗೆ ಕೈಯಿಟ್ಟು ಹೋಗುವವನು ದೊಡ್ಡ ದಾನಿಗಳಿಗಿಂತ ಹೆಚ್ಚಿನದನ್ನು ಕೊಟ್ಟಿರುತ್ತಾನೆ.

ಕನ್ನಡದ ಮನೆಗಳಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ. ಹಾಗೆಂದರೆ ಹಿರಿಯರು ಕೂಡಲೆ ತಿದ್ದುತ್ತಾರೆ. ಹೋಗಿಬರುತ್ತೇನೆ ಎನ್ನಬೇಕು. ಚಿಕ್ಕಂದಿನಿಂದ ಬಾಯಿಗೆ ಬಂದ ಈ ಮಾತು ಶಿಷ್ಟಾಚಾರವಾಗಿ ಸವೆದುಹೋಗಿದೆ. ಅದೊಂದು ಪ್ರತಿಜ್ಞೆಯೆಂಬುದು ಮರೆತಿದೆ. ಸಂಜೆ ರೈಲು ನಿಲ್ದಾಣದ ಕಟ್ಟೆಯ ಮೇಲೆ ಮಕ್ಕಳೊಡನೆ ಕುಳಿತಿದ್ದು ಏಳುವ ವಿದ್ಯಾರ್ಥಿಯ ಬಾಯಲ್ಲಿಯೂ ಆ ಮಾತು ತಾನಾಗಿಯೇ ಬರುತ್ತದೆ. ಅವನಿಗೆ ಅದು ರೂಢಿ. ಕೇಳಿಸಿಕೊಂಡ ಮಗುವಾದರೋ ಮುಂದಿನ ವಾರದ ಅದೇ ಸಂಜೆಯನ್ನು ಬೆರಳಿನಲ್ಲಿ ಎಣಿಸತೊಡಗುತ್ತದೆ.